ಕ್ರೋಶಾದ ಮೊದಲ ಪಾಠ: 15 ಹೆಣಿಗೆಯ ಒಂದು ಚೌಕ

ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲನ್ನು ಹೆಣೆಯುವ ಕ್ರೋಶಾ ಕಲಿಯಲು ಕುಳಿತವರ ಮೊದಲ ತುಂಡು ಸಾಮಾನ್ಯವಾಗಿ ಕೆಡುವುದು ಅಂಚಿನಲ್ಲಿ. ಕೊಕ್ಕೆಯನ್ನು ತೂರಿಸಿ ಎಳೆಯನ್ನು ಹೊರತೆಗೆಯುವ ಕೆಲಸ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಆದರೆ ಸಾಲಿನ ಮೊದಲ ಹೆಣಿಗೆ ಯಾವುದು, ಕೊನೆಯದು ಎಲ್ಲಿ ಅಡಗಿದೆ ಎಂಬುದು ತಿಳಿಯದೆ, ಚೌಕವಾಗಬೇಕಾದದ್ದು ಸಾಲಿನಿಂದ ಸಾಲಿಗೆ ಕಿರಿದಾಗುತ್ತಾ ಹೋಗುತ್ತದೆ. ನಾನು ಮೊದಲು ಹೆಣೆಯಲು ಹೊರಟದ್ದು ಕಾಫಿ ಲೋಟದ ಕೆಳಗಿಡುವ ಪುಟ್ಟ ಚೌಕವನ್ನು. ಮುಗಿದಾಗ ಕೈಯಲ್ಲಿದ್ದದ್ದು ಸಮೋಸದ ಆಕಾರ. ಅದೇ ಚೌಕವನ್ನು ಇಲ್ಲಿ ಸರಿಯಾಗಿ ಹೆಣೆಯೋಣ. ಇದಕ್ಕೆ ಬೇಕಾದದ್ದು ಚೈನ್ (ಸರಪಳಿ) ಮತ್ತು ಸಿಂಗಲ್ ಕ್ರೋಶಾ ಎಂಬ ಎರಡೇ ಹೆಣಿಗೆ.

4 ಮಿ.ಮೀ. ದಪ್ಪದ ಕ್ರೋಶಾ ಕಡ್ಡಿ, ಅದಕ್ಕೆ ಹೊಂದುವ ಮಧ್ಯಮ ದಪ್ಪದ ಒಂದು ಉಂಡೆ ಉಲ್ಲನ್, ಕತ್ತರಿ, ಎರಡು ಸೇಫ್ಟಿ ಪಿನ್ನು ಮತ್ತು ಕಣ್ಣು ದೊಡ್ಡದಾಗಿದ್ದು ಮೊನೆ ಮೊಂಡಾಗಿರುವ ಒಂದು ಸೂಜಿ ಇದ್ದರೆ ಸಾಕು. ನಮ್ಮ ಮನೆಗಳ ಹಿರಿಯರು ಕಲಿತದ್ದು ಸಪೂರವಾದ ಉಕ್ಕಿನ ಕಡ್ಡಿಯಲ್ಲಿ, ಬಿಳಿಯ ಹತ್ತಿ ನೂಲಿನಲ್ಲಿ. ಆಂಧ್ರದ ನರಸಾಪುರದ ಹೆಸರಾಂತ ಲೇಸು ಕೂಡ ಅಂಥ ನೂಲಿನ ಕೆಲಸವೇ. ಆ ನೂಲಿನ ಚೆಲುವು ಒಪ್ಪತಕ್ಕದ್ದೇ ಆದರೂ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಒಂದೊಂದು ಹೆಣಿಗೆಯೂ ಅಕ್ಕಿಕಾಳಿಗಿಂತ ಚಿಕ್ಕದು, ತಪ್ಪು ಆದದ್ದು ಎಲ್ಲಿ ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ಹಾಗೆಯೇ ಕಪ್ಪು, ಕಡುನೀಲಿ ಬಣ್ಣಗಳನ್ನೂ ನವಿರು ಎದ್ದಿರುವ ನೂಲನ್ನೂ ಸದ್ಯಕ್ಕೆ ದೂರವಿಟ್ಟು, ನುಣುಪಾದ ತಿಳಿಬಣ್ಣದ ನೂಲನ್ನು ತನ್ನಿರಿ. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು: ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಅಗ್ಗ, ಅಭ್ಯಾಸಕ್ಕೆ ಒಳ್ಳೆಯದು; ಆದರೆ ಒಲೆಯಿಂದ ಇಳಿಸಿದ ಪಾತ್ರೆಯ ಕೆಳಗಿಟ್ಟರೆ ಕರಗಿ ಅಂಟಿಕೊಳ್ಳುತ್ತದೆ. ಬಿಸಿ ಪಾತ್ರೆಗೆಂದು ಹೆಣೆಯುವುದಾದರೆ ಹತ್ತಿಯ ನೂಲನ್ನೇ ಬಳಸಬೇಕು.

ಹೆಸರಿನ ಗೊಂದಲವೂ ಒಂದಿದೆ. ಇಲ್ಲಿ ನಾನು ಸಿಂಗಲ್ ಕ್ರೋಶಾ ಎನ್ನುತ್ತಿರುವುದು ಅಮೆರಿಕದವರ ಹೆಸರು. ಇದೇ ಹೆಣಿಗೆಯನ್ನು ಬ್ರಿಟನ್ನಿನ ಪುಸ್ತಕಗಳು ಡಬಲ್ ಕ್ರೋಶಾ ಎನ್ನುತ್ತವೆ, ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್ ಆಗುತ್ತದೆ. ಆದ್ದರಿಂದ ಯಾವುದಾದರೂ ಮಾದರಿಯನ್ನು ನೋಡಿ ಹೆಣೆಯುವ ಮೊದಲು ಅದರಲ್ಲಿ ಸಿಂಗಲ್ ಎಂಬ ಪದ ಇದೆಯೇ ಎಂದು ಹುಡುಕಿರಿ. ಇದ್ದರೆ ಅದು ಅಮೆರಿಕದ ಲೆಕ್ಕ.

ಈಗ ಕೆಲಸಕ್ಕೆ ಬರೋಣ. ನೂಲಿನ ತುದಿಯಿಂದ ಸುಮಾರು 15 ಸೆಂ.ಮೀ. ಬಿಟ್ಟು ಒಂದು ಕುಣಿಕೆ ಮಾಡಿ, ಉಂಡೆಯ ಕಡೆಯ ಎಳೆಯನ್ನು ಮಡಿಚಿ ಆ ಕುಣಿಕೆಯೊಳಗಿಂದ ಹೊರಗೆಳೆದರೆ ಜೀರುಗುಣಿಕೆ ಆಗುತ್ತದೆ. ಅದನ್ನು ಕಡ್ಡಿಗೆ ಏರಿಸಿ, ಉಂಡೆಯ ಕಡೆಯ ಎಳೆಯನ್ನು ಜಗ್ಗಿ, ಕಡ್ಡಿಯ ಮೇಲೆ ಸಲೀಸಾಗಿ ಜಾರುವಷ್ಟು ಮಾತ್ರ ಬಿಗಿಮಾಡಿರಿ. ಬಲಗೈಯಲ್ಲಿ ಕಡ್ಡಿಯನ್ನು ಪೆನ್ಸಿಲ್ ಹಿಡಿದಂತೆ ಹಿಡಿಯಬಹುದು, ತರಕಾರಿ ಹೆಚ್ಚುವ ಚಾಕುವಿನಂತೆ ಮೇಲಿಂದಲೂ ಹಿಡಿಯಬಹುದು. ಎರಡರಲ್ಲಿ ಯಾವುದೂ ತಪ್ಪಲ್ಲ. ಎಡಗೈಯ ಕೆಲಸವೇ ಹೆಚ್ಚು ಸೂಕ್ಷ್ಮ: ಎಳೆಯನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ, ನಡುವಿನ ಎರಡು ಬೆರಳುಗಳ ಕೆಳಗಿನಿಂದ ತಂದು ತೋರುಬೆರಳಿನ ಮೇಲೆ ಹಾಯಿಸಿದಾಗ ಎಳೆ ಒಂದೇ ಬಿಗಿಯಲ್ಲಿ ಹರಿಯುತ್ತದೆ, ಹೆಬ್ಬೆರಳು ಮತ್ತು ನಡುಬೆರಳು ಹೆಣೆದ ಭಾಗವನ್ನು ಹಿಡಿದುಕೊಳ್ಳುತ್ತವೆ. ಎಡಚರು ಇದೆಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಬದಲಿಸಿಕೊಳ್ಳಬೇಕು.

ಎಳೆಯನ್ನು ಕಡ್ಡಿಯ ಹಿಂದಿನಿಂದ ಮೇಲೆ ಹಾಯಿಸಿ ಮುಂದಕ್ಕೆ ತಂದು, ಕೊಕ್ಕೆಯಲ್ಲಿ ಸಿಕ್ಕಿಸಿ, ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್. ಹೀಗೆ 16 ಮಾಡಿರಿ. ಮುಂಭಾಗದಿಂದ ನೋಡಿದರೆ ಅದು ಬಿಗಿಯಾಗಿ ಹೆಣೆದ ಜಡೆಯಂತೆ ಕಾಣುತ್ತದೆ, ಹಿಂಭಾಗದಲ್ಲಿ ಸಣ್ಣ ಗಂಟುಗಳ ಸಾಲು ಇರುತ್ತದೆ. ಎಣಿಸುವಾಗ ಮುಂಭಾಗದ ಜಡೆಯಲ್ಲಿ ಎರಡು ಎಸಳುಗಳ ಒಂದೊಂದು ಜೋಡಿಯನ್ನು ಒಂದು ಚೈನ್ ಎಂದು ಎಣಿಸಬೇಕು. ಕಡ್ಡಿಯ ಮೇಲೆ ಇರುವ ಕುಣಿಕೆಯನ್ನು ಯಾವ ಕಾಲಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹೊಸಬರ ಚೈನ್ ಬಹಳ ಬಿಗಿಯಾಗುತ್ತದೆ, ಅದಕ್ಕೊಂದು ಕಾರಣವಿದೆ. ಕೊಕ್ಕೆಯ ಕೆಳಗೆ ಕಡ್ಡಿಯ ಕತ್ತು ಸಪೂರವಾಗಿದ್ದು, ಅದರ ಕೆಳಗಿನ ಭಾಗವೇ ನಿಜವಾದ 4 ಮಿ.ಮೀ. ದಪ್ಪ. ಕುಣಿಕೆ ಕತ್ತಿನಲ್ಲೇ ಉಳಿದರೆ ಅದರ ಅಳತೆಗೇ ಕುಗ್ಗುತ್ತದೆ, ಮುಂದಿನ ಸಾಲಿನಲ್ಲಿ ಕೊಕ್ಕೆ ಒಳಗೆ ಹೋಗುವುದೇ ಇಲ್ಲ. ಪ್ರತಿ ಕುಣಿಕೆಯನ್ನೂ ದಪ್ಪ ಭಾಗದವರೆಗೆ ಜಾರಿಸಿ, ಆಮೇಲೆ ಮುಂದಿನದಕ್ಕೆ ಹೋಗಬೇಕು.

ಇನ್ನು ಸಿಂಗಲ್ ಕ್ರೋಶಾ. ಕಡ್ಡಿಗೆ ಅತಿ ಹತ್ತಿರದ ಚೈನನ್ನು ಬಿಟ್ಟು, ಎರಡನೆಯದರ ಎರಡು ಎಸಳುಗಳ ನಡುವೆ, ಮೇಲಿನ ಎಳೆಯ ಅಡಿಯಲ್ಲಿ ಕೊಕ್ಕೆಯನ್ನು ತೂರಿಸಿರಿ. ಎಳೆಯನ್ನು ಸುತ್ತಿ ಹೊರಗೆಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳು ನಿಲ್ಲುತ್ತವೆ. ಇನ್ನೊಮ್ಮೆ ಎಳೆಯನ್ನು ಸುತ್ತಿ, ಕೊಕ್ಕೆಯ ಬಾಯಿಯನ್ನು ಕೆಳಮುಖವಾಗಿ ತಿರುಗಿಸಿಕೊಂಡು, ಆ ಎರಡರೊಳಗಿಂದಲೂ ಒಂದೇ ಸಲಕ್ಕೆ ಹೊರಗೆ ತನ್ನಿರಿ. ಒಂದು ಹೆಣಿಗೆ ಮುಗಿಯಿತು, ಕಡ್ಡಿಯ ಮೇಲೆ ಮತ್ತೆ ಒಂದೇ ಕುಣಿಕೆ. ಬಾಯಿಯನ್ನು ಕೆಳಗೆ ಮಾಡುವುದು ಚಿಕ್ಕ ಸಂಗತಿಯಂತೆ ಕಂಡರೂ ಅದನ್ನು ಮರೆತವರ ಕೊಕ್ಕೆ ಪ್ರತಿ ಸಲವೂ ಎಳೆಗೆ ಸಿಕ್ಕಿ ನೂಲನ್ನು ಸೀಳುತ್ತದೆ. ಉಳಿದ ಪ್ರತಿಯೊಂದು ಚೈನಿನಲ್ಲೂ ಹೀಗೆಯೇ ಹೆಣೆಯುತ್ತಾ ಹೋದರೆ ಸಾಲಿನಲ್ಲಿ 15 ಹೆಣಿಗೆಗಳಾಗುತ್ತವೆ. ಈ ಮೊದಲ ಸಾಲು ಎಲ್ಲರಿಗೂ ಕಷ್ಟವೇ, ತುಂಡು ಕೈಯಲ್ಲಿ ನಿಲ್ಲದೆ ಹೊರಳುತ್ತಿರುತ್ತದೆ. ಮೂರನೆಯ ಸಾಲಿನ ಹೊತ್ತಿಗೆ ಹಿಡಿತ ಸಿಗುತ್ತದೆ.

ಎಳೆಯನ್ನು ಸುತ್ತುವ ದಿಕ್ಕಿನ ಬಗ್ಗೆ ಒಂದು ಮಾತು. ಎಳೆಯನ್ನು ಕಡ್ಡಿಯ ಮೇಲೆ ಹಾಯಿಸುವ ಬದಲು ಕೊಕ್ಕೆಯನ್ನು ಎಳೆಯ ಮೇಲಿಂದ ಚಾಚಿ ಹಾಗೆಯೇ ಸೆಳೆದುಕೊಳ್ಳುವ ಅಭ್ಯಾಸ ಹಲವರಿಗೆ ತಾನಾಗಿ ಬಂದುಬಿಡುತ್ತದೆ. ಹಾಗೆ ಮಾಡಿದರೆ ಹೆಣಿಗೆಯ ಮುಖದಲ್ಲಿ ಎರಡು ಎಳೆಗಳು ಒಂದರ ಮೇಲೊಂದು ಅಡ್ಡಹಾಯ್ದು ಗುಣಾಕಾರದ ಗುರುತಿನಂತೆ ಕಾಣುತ್ತವೆ, ಬಟ್ಟೆ ತುಸು ಗಟ್ಟಿಯಾಗುತ್ತದೆ. ಅರಳೆ ತುಂಬುವ ಗೊಂಬೆಗಳನ್ನು ಹೆಣೆಯುವವರು ಇದನ್ನು ಬೇಕೆಂದೇ ಮಾಡುವುದುಂಟು. ಒಂದೇ ತುಂಡಿನಲ್ಲಿ ಎರಡೂ ಬೆರೆತರೆ ಮಾತ್ರ ನೋಡಲು ಚೆನ್ನಾಗಿರುವುದಿಲ್ಲ.

ಸಾಲು ಮುಗಿದ ಮೇಲೆ ಒಂದು ಚೈನ್ ಹಾಕಿ, ತುಂಡನ್ನು ಪುಸ್ತಕದ ಹಾಳೆ ಮಗುಚಿದಂತೆ ತಿರುಗಿಸಿರಿ. ನನ್ನ ಸಮೋಸ ಹುಟ್ಟಿದ್ದು ಇಲ್ಲಿಯೇ. ಈ ಒಂದು ಚೈನ್ ಎತ್ತರಕ್ಕಾಗಿ ಹಾಕುವುದು, ಅದು ಹೆಣಿಗೆಯ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಹೊಸ ಸಾಲಿನ ಮೊದಲ ಹೆಣಿಗೆ ಆ ಚೈನಿನ ಬುಡಕ್ಕೇ ಅಂಟಿಕೊಂಡಿರುವ ಮೊಟ್ಟಮೊದಲ ಹೆಣಿಗೆಯ ತಲೆಯೊಳಗೆ ಹೋಗಬೇಕು. ಅದು ಇಕ್ಕಟ್ಟಾಗಿ ಕಾಣುವುದರಿಂದ ಹೊಸಬರು ಪಕ್ಕದ್ದಕ್ಕೆ ಹೋಗಿಬಿಡುತ್ತಾರೆ, ಅಲ್ಲಿಗೆ ಒಂದು ಕಡಿಮೆ. ಸಾಲಿನ ಕೊನೆಯ ಹೆಣಿಗೆಯೂ ಸ್ವಲ್ಪ ಓರೆಯಾಗಿ ಹಿಂದಕ್ಕೆ ವಾಲಿಕೊಂಡಿದ್ದು ಕಣ್ಣು ತಪ್ಪಿಸುತ್ತದೆ, ಅಲ್ಲಿಗೆ ಇನ್ನೊಂದು ಕಡಿಮೆ. ಇದಕ್ಕೆ ಬದಲು ತಿರುವಿನ ಚೈನಿನೊಳಗೂ ಒಂದು ಹೆಣಿಗೆ ಹಾಕಿದವರ ತುಂಡು ಅಗಲವಾಗುತ್ತಾ ಹೋಗುತ್ತದೆ. ಎರಡನೆಯ ಸಾಲಿನಿಂದ ಕೊಕ್ಕೆಯನ್ನು ಹೆಣಿಗೆಯ ತಲೆಯ ಎರಡೂ ಎಳೆಗಳ ಅಡಿಯಲ್ಲಿ ತೂರಿಸಬೇಕು. ಒಂದೇ ಎಳೆಯನ್ನು ಹಿಡಿದರೆ ಬಟ್ಟೆಯಲ್ಲಿ ಗೆರೆ ಮೂಡುತ್ತದೆ.

ಸೇಫ್ಟಿ ಪಿನ್ನುಗಳು ಬೇಕಾಗುವುದು ಇದಕ್ಕೇ. ಪ್ರತಿ ಸಾಲಿನ ಮೊದಲ ಹೆಣಿಗೆಯನ್ನು ಹಾಕಿದ ಕೂಡಲೇ ಅದರ ತಲೆಗೆ ಒಂದು ಪಿನ್ನು ಸಿಕ್ಕಿಸಿರಿ. ತಿರುಗಿ ಬರುವಾಗ ಅದೇ ಕೊನೆಯ ಹೆಣಿಗೆಯಾಗುವುದರಿಂದ ಪಿನ್ನು ಇರುವ ಜಾಗದಲ್ಲಿ ಹೆಣೆದು, ಅದನ್ನು ಬಿಚ್ಚಿ ಮುಂದಿನ ಸಾಲಿಗೆ ಬಳಸಬಹುದು. ಜೊತೆಗೆ ಮೊದಲ ಏಳೆಂಟು ಸಾಲುಗಳವರೆಗಾದರೂ ಪ್ರತಿ ಸಾಲನ್ನೂ ಎಣಿಸಿ 15 ಇದೆಯೆಂದು ಖಚಿತಪಡಿಸಿಕೊಂಡೇ ಮುಂದಕ್ಕೆ ಹೋಗಬೇಕು. ಕಡಿಮೆ ಬಂದರೆ ಮುಂದಿನ ಸಾಲಿನಲ್ಲಿ ಒಂದು ಹೆಚ್ಚು ಹಾಕಿ ಸರಿದೂಗಿಸುವ ಉಪಾಯ ಬೇಡ, ಅಂಚು ಅದನ್ನು ಬಚ್ಚಿಡುವುದಿಲ್ಲ. ಕಡ್ಡಿಯನ್ನು ತೆಗೆದು ಎಳೆಯನ್ನು ಜಗ್ಗಿ ತಪ್ಪಿನವರೆಗೆ ಬಿಚ್ಚಿಬಿಡಿ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲಿದ್ದು ಒಂದು ಜಾರಿದರೂ ಕೆಳಗಿನವರೆಗೆ ಓಡುತ್ತದೆ. ಕ್ರೋಶಾದಲ್ಲಿ ಬಿಡುವಾಗಿರುವುದು ಒಂದೇ ಕುಣಿಕೆ, ಅದನ್ನು ಮತ್ತೆ ಕಡ್ಡಿಗೆ ಏರಿಸಿದರೆ ಕೆಲಸ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಸುಮಾರು 18 ಸಾಲುಗಳಲ್ಲಿ ತುಂಡಿನ ಎತ್ತರ ಅಗಲಕ್ಕೆ ಸಮನಾಗುತ್ತದೆ; ಅವರವರ ಕೈಯ ಬಿಗಿಗೆ ತಕ್ಕಂತೆ ಒಂದೆರಡು ಸಾಲು ಹೆಚ್ಚುಕಡಿಮೆ ಆಗಬಹುದು, ಮೂಲೆಯಿಂದ ಮೂಲೆಗೆ ಮಡಿಚಿ ನೋಡಿದರೆ ಗೊತ್ತಾಗುತ್ತದೆ. ಎಳೆಯನ್ನು 15 ಸೆಂ.ಮೀ. ಬಿಟ್ಟು ಕತ್ತರಿಸಿ, ಒಂದು ಚೈನ್ ಹಾಕಿ, ತುದಿಯನ್ನು ಪೂರ್ತಿಯಾಗಿ ಅದರೊಳಗಿಂದ ಹೊರಗೆಳೆದು ಬಿಗಿಮಾಡಿರಿ. ಎರಡೂ ತುದಿಗಳನ್ನು ಸೂಜಿಗೆ ಪೋಣಿಸಿ, ನಾಲ್ಕೈದು ಹೆಣಿಗೆಗಳ ಒಳಗಿನಿಂದ ಒಂದು ದಿಕ್ಕಿಗೆ ಹಾಯಿಸಿ, ಕೊನೆಯದೊಂದನ್ನು ಬಿಟ್ಟು ಅದೇ ಜಾಡಿನಲ್ಲಿ ಹಿಂದಕ್ಕೆ ತಂದು ಉಳಿದದ್ದನ್ನು ಕತ್ತರಿಸಬೇಕು. ಹಾಗೆ ಹಿಂದಕ್ಕೆ ತರದೆ ಬುಡದಲ್ಲೇ ಕತ್ತರಿಸಿದ ತುದಿ ಎರಡನೆಯ ಸಲ ಒಗೆಯುವಾಗ ಹೊರಗೆ ಬರುತ್ತದೆ.