‘ನಿಮ್ಮದು ಯಾವ ಟೀಮು?’: ಗ್ಲಾಸ್ಗೋಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಓದಲೆಂದೋ ಆಸ್ಪತ್ರೆಯ ಕೆಲಸಕ್ಕೆಂದೋ ಕಂಪನಿಯ ವರ್ಗಾವಣೆಯ ಮೇಲೋ ಗ್ಲಾಸ್ಗೋಗೆ ಬರುವ ಕನ್ನಡಿಗರಿಗೆ ಬಾಡಿಗೆ ಮನೆ, ಕೌನ್ಸಿಲ್ ತೆರಿಗೆ, ಡಾಕ್ಟರ ಬಳಿ ಹೆಸರು ನೋಂದಾಯಿಸುವುದು ಇವನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಫುಟ್‌ಬಾಲಿನ ವಿಷಯವನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಆದರೆ ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಯಾರಾದರೊಬ್ಬರು ನಿಮ್ಮ ಟೀಮು ಯಾವುದೆಂದು ಕೇಳಿಯೇ ಕೇಳುತ್ತಾರೆ. ಆಗ ನಮ್ಮವರಲ್ಲಿ ಹಲವರು ಸದುದ್ದೇಶದಿಂದಲೇ ‘ಆಟವನ್ನು ಆಟವಾಗಿ ನೋಡೋಣ, ಅದರಲ್ಲಿ ರಾಜಕೀಯ ಯಾಕೆ’ ಎಂದುಬಿಡುತ್ತಾರೆ. ಈ ಊರಿನಲ್ಲಿ ಆ ಮಾತು ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಇಲ್ಲಿನ ಎರಡು ದೊಡ್ಡ ಕ್ಲಬ್ಬುಗಳು ರೇಂಜರ್ಸ್ ಮತ್ತು ಸೆಲ್ಟಿಕ್. ರೇಂಜರ್ಸ್ 1872ರಲ್ಲಿ ಹುಟ್ಟಿತು. ಬರಗಾಲದ ನಂತರ ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಬಡವರು ಊರಿನ ಪೂರ್ವ ಭಾಗದಲ್ಲಿ ತುಂಬಿಕೊಂಡಿದ್ದರು. ಅವರ ಮಕ್ಕಳ ಊಟಕ್ಕೆ ಹಣ ಕೂಡಿಸಲೆಂದು ಸ್ಲೈಗೋ ಪ್ರದೇಶದ ಬ್ರದರ್ ವಾಲ್‌ಫ್ರಿಡ್ ಎಂಬ ಧಾರ್ಮಿಕ ಸೋದರರು 1887ರಲ್ಲಿ ಸೆಲ್ಟಿಕ್ ಕಟ್ಟಿದರು. 1888ರ ಮೇ ತಿಂಗಳಲ್ಲಿ ಆ ಕ್ಲಬ್ಬು ಆಡಿದ ಮೊದಲ ಪಂದ್ಯವೇ ರೇಂಜರ್ಸ್ ವಿರುದ್ಧ, ಅದನ್ನು ಸೆಲ್ಟಿಕ್ 5-2ರಿಂದ ಗೆದ್ದಿತು. ಮುಂದೆ ಇದೇ ಊರಿನ ಗೋವನ್ ಬಡಾವಣೆಯ ಹಡಗುಕಟ್ಟೆಗಳಿಗೆ ಉತ್ತರ ಐರ್ಲೆಂಡಿನ ಪ್ರೊಟೆಸ್ಟೆಂಟ್ ಕೆಲಸಗಾರರು ಬಂದು ನೆಲೆಸಿ, ಪಕ್ಕದ ಐಬ್ರಾಕ್ಸ್ ಮೈದಾನದ ರೇಂಜರ್ಸ್ ಅವರ ತಂಡವಾಯಿತು. ಒಂದು ಕಡೆ ಐರಿಷ್ ಧ್ವಜ, ಇನ್ನೊಂದು ಕಡೆ ಬ್ರಿಟನ್ನಿನ ಯೂನಿಯನ್ ಜ್ಯಾಕ್. ಯಾರೋ ರಾಜಕಾರಣಿ ಹೊರಗಿನಿಂದ ತಂದು ಆಟದೊಳಗೆ ತುರುಕಿದ ರಾಜಕೀಯ ಇದಲ್ಲ. ಹೊಟ್ಟೆಪಾಡು, ಧರ್ಮ ಮತ್ತು ವಲಸೆ ಕೂಡಿಯೇ ಈ ಕ್ಲಬ್ಬುಗಳ ಗುರುತು ಮೂಡಿದೆ.

ಇದರ ಕಹಿ ಭಾಗವನ್ನೂ ಮುಚ್ಚಿಡಬಾರದು. ರೇಂಜರ್ಸ್ ದಶಕಗಳ ಕಾಲ, ಬರೆದಿಟ್ಟ ನಿಯಮವಿಲ್ಲದಿದ್ದರೂ, ಕ್ಯಾಥೊಲಿಕ್ ಆಟಗಾರರನ್ನು ದೂರವೇ ಇಟ್ಟಿತ್ತು. 1989ರಲ್ಲಿ ಮ್ಯಾನೇಜರ್ ಗ್ರೇಮ್ ಸೂನೆಸ್ ಅವರು ಹಿಂದೆ ಸೆಲ್ಟಿಕ್‌ಗೆ ಆಡಿದ್ದ ಕ್ಯಾಥೊಲಿಕ್ ಆಟಗಾರ ಮೋ ಜಾನ್‌ಸ್ಟನ್ ಅವರನ್ನು ಕರೆತಂದಾಗ ರೇಂಜರ್ಸ್ ಬೆಂಬಲಿಗರಲ್ಲಿ ಕೆಲವರು ತಮ್ಮ ಸ್ಕಾರ್ಫುಗಳನ್ನೇ ಸುಟ್ಟುಹಾಕಿದರು. ಸೆಲ್ಟಿಕ್ ಹಾಗೆ ಬಾಗಿಲು ಮುಚ್ಚಿರಲಿಲ್ಲ. 1967ರಲ್ಲಿ ಅದಕ್ಕೆ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್ ಮನೆತನದವರು. ಆದರೆ ದ್ವೇಷದ ಘೋಷಣೆಗಳು ಆ ಮೈದಾನದಲ್ಲೂ ಕೇಳಿಬಂದಿವೆ. 1988ರ ಜನವರಿಯಲ್ಲಿ ರೇಂಜರ್ಸ್ ಪರ ಮೊದಲ ಬಾರಿಗೆ ಆಡಿದ ಕಪ್ಪು ಆಟಗಾರ ಮಾರ್ಕ್ ವಾಲ್ಟರ್ಸ್ ಅವರ ಮೇಲೆ ಬಾಳೆಹಣ್ಣು ಎಸೆದದ್ದು ಸೆಲ್ಟಿಕ್ ಪಾರ್ಕಿನಲ್ಲಿಯೇ. ಚರ್ಮದ ಬಣ್ಣದಿಂದ ಮೊದಲ ನೋಟಕ್ಕೇ ಗುರುತು ಸಿಗುವ ನಾವು ಇದನ್ನು ನೆನಪಿಡಬೇಕು.

ಹಾಗಾದರೆ ಆಟವನ್ನೂ ರಾಜಕೀಯವನ್ನೂ ಬೇರೆಯಾಗಿಡುವುದೇ ಮೇಲಲ್ಲವೇ ಎಂದು ನೀವು ಕೇಳಬಹುದು. ಹಾಗೆ ಇಡಬೇಕೆಂದು ಹೇಳುವ ಸಂಸ್ಥೆಗಳೇ ಅದನ್ನು ಪಾಲಿಸಿಲ್ಲ. 2016ರ ಆಗಸ್ಟಿನಲ್ಲಿ ಇಸ್ರೇಲಿನ ಹಪೋಯೆಲ್ ಬೇರ್ಶೆವಾ ತಂಡದ ವಿರುದ್ಧದ ಪಂದ್ಯದಲ್ಲಿ ಸೆಲ್ಟಿಕ್ ಬೆಂಬಲಿಗರು ಪ್ಯಾಲೆಸ್ಟೀನ್ ಧ್ವಜಗಳನ್ನು ಎತ್ತಿ ಹಿಡಿದರು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಇದಕ್ಕಾಗಿ ಕ್ಲಬ್ಬಿಗೆ ದಂಡ ವಿಧಿಸಿತು. ಬೆಂಬಲಿಗರು ಚಂದಾ ಎತ್ತಿ 1 ಲಕ್ಷ 70 ಸಾವಿರ ಪೌಂಡಿಗೂ ಹೆಚ್ಚು ಹಣ ಕೂಡಿಸಿ, ಅದನ್ನು ಪ್ಯಾಲೆಸ್ಟೀನಿಯರಿಗೆ ವೈದ್ಯಕೀಯ ನೆರವು ನೀಡುವ ಸಂಸ್ಥೆಗೂ ಬೆತ್ಲೆಹೆಮ್ಮಿನ ನಿರಾಶ್ರಿತರ ಶಿಬಿರದ ಮಕ್ಕಳ ಕೇಂದ್ರಕ್ಕೂ ಕೊಟ್ಟರು. ಅದೇ ಯುಇಎಫ್‌ಎ 2022ರ ಫೆಬ್ರುವರಿ 28ರಂದು ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾ ಜೊತೆ ಸೇರಿ, ಉಕ್ರೇನ್ ಮೇಲಿನ ದಾಳಿಯ ಕಾರಣಕ್ಕೆ ರಷ್ಯಾದ ತಂಡಗಳನ್ನು ಹೊರಗಿಟ್ಟಿತು. ಅದು ಸರಿಯಾದ ತೀರ್ಮಾನ ಎಂದೇ ನಾನು ನಂಬಿದ್ದೇನೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾವನ್ನು ಫೀಫಾ 1961ರಲ್ಲಿ ಅಮಾನತು ಮಾಡಿದ್ದೂ 1976ರಲ್ಲಿ ಹೊರಹಾಕಿದ್ದೂ ಸರಿಯೇ. ಆದರೆ ಇವೆಲ್ಲವೂ ರಾಜಕೀಯ ತೀರ್ಮಾನಗಳೇ ಆಗಿರುವಾಗ, ಗ್ಯಾಲರಿಯಲ್ಲಿ ನಿಂತ ಸಾಮಾನ್ಯ ಮನುಷ್ಯನಿಗೆ ಮಾತ್ರ ‘ನೀನು ರಾಜಕೀಯ ಮಾತಾಡಬೇಡ’ ಎನ್ನುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಕನ್ನಡಿಗರಾದ ನಮಗೂ ಇದು ಹೊಸ ಸಂಗತಿಯೇನಲ್ಲ. 2018ರಲ್ಲಿ ಕಾವೇರಿ ವಿವಾದದ ಕಾವಿನಲ್ಲಿ ಚೆನ್ನೈ ತಂಡದ ಐಪಿಎಲ್ ಪಂದ್ಯಗಳು ಚೆಪಾಕ್ ಬಿಟ್ಟು ಪುಣೆಗೆ ಹೋದದ್ದನ್ನು ಕಂಡವರು ನಾವು. ನೀರಿನ ನೋವು ಕ್ರಿಕೆಟ್ ಮೈದಾನದ ಬಾಗಿಲಿಗೆ ಬರಬಹುದಾದರೆ, ತಲೆಮಾರುಗಳ ಹಸಿವು ಮತ್ತು ಅವಮಾನ ಫುಟ್‌ಬಾಲ್ ಮೈದಾನಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಗೆರೆ ಎಳೆಯುವುದು ಬೇರೆ ಕಡೆ. ಒಬ್ಬ ಬೆಂಬಲಿಗ ತಾನು ನಂಬಿದ ರಾಷ್ಟ್ರ, ರಾಜಮನೆತನ ಅಥವಾ ಯುದ್ಧದ ಬಗ್ಗೆ ಬ್ಯಾನರ್ ಹಿಡಿದರೆ ಅದು ಅಭಿಪ್ರಾಯ, ಅದನ್ನು ಒಪ್ಪದಿರಲು ನಮಗೂ ಹಕ್ಕಿದೆ. ಇನ್ನೊಬ್ಬನ ಹುಟ್ಟು, ಧರ್ಮ, ಬಣ್ಣಗಳನ್ನು ಹಿಡಿದು ಹೀಯಾಳಿಸಿದರೆ ಅದು ರಾಜಕೀಯವೂ ಅಲ್ಲ, ಆಟವೂ ಅಲ್ಲ. ಈ ವ್ಯತ್ಯಾಸವನ್ನು ಕಾನೂನಿನಲ್ಲಿ ಬರೆಯುವುದು ಸುಲಭವಲ್ಲ. ಮೈದಾನದ ನಡವಳಿಕೆಗೆಂದೇ ಸ್ಕಾಟ್ಲೆಂಡ್ 2012ರಲ್ಲಿ ಜಾರಿಗೆ ತಂದ ಕಾಯ್ದೆಯನ್ನು ಬೆಂಬಲಿಗರ ತೀವ್ರ ವಿರೋಧದ ನಂತರ 2018ರಲ್ಲಿ ರದ್ದುಪಡಿಸಲಾಯಿತು. ಮನುಷ್ಯರಿಗೆ ಮಾತ್ರ ಈ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. 2021ರ ಮಾರ್ಚಿನಲ್ಲಿ ಐಬ್ರಾಕ್ಸಿನಲ್ಲಿ ನಡೆದ ಯುರೋಪಿಯನ್ ಪಂದ್ಯವೊಂದರಲ್ಲಿ ಎದುರಾಳಿ ಆಟಗಾರನೊಬ್ಬ ರೇಂಜರ್ಸ್‌ನ ಗ್ಲೆನ್ ಕಮಾರಾ ಅವರನ್ನು ಜನಾಂಗೀಯವಾಗಿ ನಿಂದಿಸಿ, ಬಳಿಕ ಹತ್ತು ಪಂದ್ಯಗಳ ನಿಷೇಧಕ್ಕೆ ಒಳಗಾದ. ಅದಾದ ಮೂರನೆಯ ದಿನವೇ ಸೆಲ್ಟಿಕ್ ಪಾರ್ಕಿನಲ್ಲಿ ಎರಡು ತಂಡಗಳ ಪಂದ್ಯವಿತ್ತು. ಆಟ ಶುರುವಾಗುವ ಮುನ್ನ ಸೆಲ್ಟಿಕ್ ನಾಯಕ ಸ್ಕಾಟ್ ಬ್ರೌನ್ ನೇರವಾಗಿ ಕಮಾರಾ ಬಳಿಗೆ ನಡೆದುಹೋಗಿ ಅವರನ್ನು ಅಪ್ಪಿಕೊಂಡರು. ಕರುಣೆ ಇದ್ದುದರಿಂದಲೇ ಅದಕ್ಕೆ ಬೆಲೆ ಬಂದದ್ದು ನಿಜ, ಆದರೆ ಅದೂ ಒಂದು ನಿಲುವೇ, ಅದೂ ಮೈದಾನದ ಮೇಲೆಯೇ ತಳೆದ ನಿಲುವು.

ಇನ್ನು ದಿನನಿತ್ಯದ ಮಾತು. ಈ ಎರಡು ತಂಡಗಳ ಪಂದ್ಯವಿರುವ ದಿನ ಸೆಲ್ಟಿಕ್‌ನ ಹಸಿರು-ಬಿಳಿ ಅಡ್ಡಪಟ್ಟೆಯ ಅಂಗಿಯನ್ನಾಗಲಿ ರೇಂಜರ್ಸ್‌ನ ನೀಲಿ ಜೆರ್ಸಿಯನ್ನಾಗಲಿ ಅರಿಯದೆ ತೊಟ್ಟು ಪೇಟೆಗೆ ಹೋಗಬೇಡಿ. ಸಿಟಿ ಸೆಂಟರಿನ ಎಷ್ಟೋ ಪಬ್ಬುಗಳ ಬಾಗಿಲಲ್ಲಿ ಫುಟ್‌ಬಾಲ್ ಬಣ್ಣಗಳಿಗೆ ಪ್ರವೇಶವಿಲ್ಲ ಎಂಬ ಫಲಕವಿರುತ್ತದೆ. ಅದರ ಮುಂದೆ ಮಧ್ಯವಯಸ್ಸಿನ ಗಂಡಸರು ನಿಂತು, ಕುತ್ತಿಗೆಯ ಸ್ಕಾರ್ಫನ್ನು ನಿಧಾನವಾಗಿ ಬಿಚ್ಚಿ, ಮಡಚಿ ಒಳಜೇಬಿಗೆ ಸೇರಿಸಿ, ಜಾಕೆಟ್ಟಿನ ಜಿಪ್ಪನ್ನು ಗಂಟಲಿನವರೆಗೆ ಎಳೆದುಕೊಂಡು ಒಳಗೆ ಹೋಗುವುದನ್ನು ನೀವೇ ನೋಡುತ್ತೀರಿ. ಬೇಸಿಗೆಯಲ್ಲಿ, ಮುಖ್ಯವಾಗಿ ಜುಲೈ 12ರ ಆಸುಪಾಸಿನಲ್ಲಿ, ಪ್ರೊಟೆಸ್ಟೆಂಟರ ಆರೆಂಜ್ ಸಂಘದವರ ಬ್ಯಾಂಡ್ ಮೆರವಣಿಗೆಗಳು ಬರುತ್ತವೆ. ರಸ್ತೆ ದಾಟುವ ಅವಸರದಲ್ಲಿ ಸಾಲನ್ನು ಸೀಳಿಕೊಂಡು ಹೋಗಬೇಡಿ, ಪೂರ್ತಿ ಹೋಗುವವರೆಗೆ ಕಾಯಿರಿ. 2012ರಲ್ಲಿ ರೇಂಜರ್ಸ್ ನಡೆಸುತ್ತಿದ್ದ ಕಂಪನಿ ದಿವಾಳಿಯಾಗಿ ತಂಡ ಕೆಳಗಿನ ದರ್ಜೆಯಿಂದ ಮತ್ತೆ ಆಡಬೇಕಾಯಿತು. ಅದು ಹಳೆಯ ಕ್ಲಬ್ಬೋ ಹೊಸದೋ ಎಂಬ ಚರ್ಚೆ ಊಟದ ಮೇಜಿನಲ್ಲಿ ಎದ್ದರೆ ಸುಮ್ಮನೆ ಕೇಳಿಸಿಕೊಳ್ಳಿ.

‘ನೀವು ಯಾವ ಶಾಲೆಯಲ್ಲಿ ಓದಿದ್ದು’ ಎಂದು ಸ್ಥಳೀಯರು ತಮ್ಮತಮ್ಮಲ್ಲಿ ಕೇಳಿಕೊಳ್ಳುವುದೂ ಕೆಲವೊಮ್ಮೆ ಇದೇ ಪ್ರಶ್ನೆಯ ಇನ್ನೊಂದು ರೂಪ, ಶಾಲೆಯಿಂದ ಧರ್ಮವನ್ನು ಊಹಿಸಬಹುದಲ್ಲ. ಸ್ಕಾಟ್ಲೆಂಡಿನಲ್ಲಿ 1918ರ ಶಿಕ್ಷಣ ಕಾಯ್ದೆಯ ಬಳಿಕ ಕ್ಯಾಥೊಲಿಕ್ ಶಾಲೆಗಳೂ ಸರ್ಕಾರಿ ವ್ಯವಸ್ಥೆಯೊಳಗೇ ಇವೆ. ನಿಮ್ಮ ಮಗು ಯಾವ ಶಾಲೆಗೆ ಹೋದರೂ ಸಹಪಾಠಿಗಳ ತಂಡವನ್ನೇ ಮೆಚ್ಚಿಕೊಂಡು ಬರುವ ಸಾಧ್ಯತೆ ಹೆಚ್ಚು. ಬೇಡವೆನ್ನಬೇಡಿ. ಆದರೆ ಮಗು ಕಲಿತುಕೊಂಡು ಬಂದ ಹಾಡಿನ ಸಾಲುಗಳು ಏನು ಹೇಳುತ್ತವೆ ಎಂಬುದನ್ನು ಕೂತು ಕೇಳಿ. ಅದರಲ್ಲಿ ಇನ್ನೊಂದು ಧರ್ಮದವರನ್ನು ಬಯ್ಯುವ ಮಾತಿದ್ದರೆ ಯಾಕೆ ಹಾಡಬಾರದೆಂದು ಬಿಡಿಸಿ ಹೇಳಿ.

ಮೈದಾನದಲ್ಲಿ ನೀವೂ ಅಷ್ಟೇ, ಅರ್ಥ ಗೊತ್ತಿಲ್ಲದ ಹಾಡಿಗೆ ದನಿಗೂಡಿಸಬೇಡಿ. ಈ ಎರಡು ತಂಡಗಳ ನಡುವಿನ 1980ರ ಸ್ಕಾಟಿಷ್ ಕಪ್ ಫೈನಲ್ ಮುಗಿದಾಗ ಎರಡು ಕಡೆಯವರೂ ಮೈದಾನಕ್ಕೆ ನುಗ್ಗಿ ಹೊಡೆದಾಡಿಕೊಂಡ ಮೇಲೆ ಮೈದಾನಗಳಲ್ಲಿ ಮದ್ಯಕ್ಕೆ ಕಾನೂನಿನ ಕಡಿವಾಣ ಬಿತ್ತು. ಮೈದಾನಕ್ಕೆ ಕಾಲಿಡದಂತೆ ವ್ಯಕ್ತಿಯೊಬ್ಬನನ್ನು ನಿರ್ಬಂಧಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ವೀಸಾದ ಮೇಲಿರುವವರಿಗೆ ಶಿಕ್ಷೆಯ ದಾಖಲೆ ಮುಂದಿನ ಅರ್ಜಿಯವರೆಗೂ ಬೆನ್ನು ಬಿಡುವುದಿಲ್ಲ.

ಯಾವ ತಂಡವನ್ನು ಆರಿಸಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. 1936ರಲ್ಲಿ ಕೋಲ್ಕತ್ತದ ಮೊಹಮ್ಮದ್ ಸಲೀಂ ಇಲ್ಲಿಗೆ ಬಂದು, ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಸೆಲ್ಟಿಕ್‌ನ ಎರಡನೇ ತಂಡಕ್ಕೆ ಆಡಿದ್ದರು ಎಂಬ ಹೆಮ್ಮೆಯಿಂದ ಆ ಕಡೆ ವಾಲಿದವರನ್ನೂ, ಗೋವನ್‌ನಲ್ಲಿ ಮನೆ ಮಾಡಿ ನೆರೆಹೊರೆಯವರ ಒಡನಾಟದಿಂದ ರೇಂಜರ್ಸ್ ಕಡೆಯವರಾದವರನ್ನೂ ನಾನು ಬಲ್ಲೆ. ಇನ್ನೂ ತೀರ್ಮಾನಿಸದಿದ್ದರೆ ಮೊದಲು ಫರ್‌ಹಿಲ್ ಮೈದಾನಕ್ಕೆ ಹೋಗಿ ಈ ಊರಿನ ಇನ್ನೊಂದು ತಂಡವಾದ ಪಾರ್ಟಿಕ್ ಥಿಸಲ್ ಆಟ ನೋಡಿ. ಅಲ್ಲಿ ಧರ್ಮದ ಗೊಡವೆ ಕಡಿಮೆ, ಟಿಕೆಟ್ ಸುಲಭವಾಗಿ ಸಿಗುತ್ತದೆ, ಮಕ್ಕಳನ್ನು ನಿಶ್ಚಿಂತೆಯಿಂದ ಕರೆದುಕೊಂಡು ಹೋಗಬಹುದು. ಎರಡು ದೊಡ್ಡ ತಂಡಗಳ ಪಂದ್ಯವನ್ನು ಮೊದಲ ವರ್ಷ ಮನೆಯಲ್ಲೋ, ಹತ್ತಿರದಿಂದ ಬಲ್ಲ ಸ್ನೇಹಿತರ ಜೊತೆಯಲ್ಲೋ ನೋಡಿದರೆ ಸಾಕು.