ಆಸ್ಪತ್ರೆ ತಪಾಸಣೆಗೆ ಊದುಬತ್ತಿ ಹಿಡಿದು ಹೊರಡಿ

ಆಸ್ಪತ್ರೆಯ ಸುರಕ್ಷತಾ ಸಮಿತಿಗೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ರಾಸಾಯನಿಕಗಳ ರಿಜಿಸ್ಟರನ್ನು. ಅದನ್ನು ಕೊನೆಗೆ ನೋಡಿ. ಬೆಳಿಗ್ಗೆ ಆರೂವರೆಗೆ, ನೆಲ ಒರೆಸುವ ಹೊತ್ತಿಗೆ, ಹೇಳದೆ ಹೋಗಿ. ಹತ್ತು ಗಂಟೆಗೆ ಹೋದರೆ ಎಲ್ಲವೂ ಫಳಫಳ ಹೊಳೆಯುತ್ತಿರುತ್ತದೆ, ಏನೂ ಕಾಣುವುದಿಲ್ಲ.

ಮೊದಲು ಪೊರಕೆ, ಬಕೆಟ್ ಇಡುವ ಕೋಣೆ. ಅಲ್ಲಿ ಕುಡಿಯುವ ನೀರಿನ ಹಳೆಯ ಬಾಟಲಿಗಳನ್ನು ಹುಡುಕಿ. ಮಂಡ್ಯದ ಒಂದು ನರ್ಸಿಂಗ್ ಹೋಂನಲ್ಲಿ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣ) ಒಂದು ಬಾಟಲಿಯಲ್ಲಿ, ಪಾಯಿಖಾನೆ ತೊಳೆಯುವ ಆಸಿಡ್ ಪಕ್ಕದ ಬಾಟಲಿಯಲ್ಲಿ, ಎರಡಕ್ಕೂ ಹೆಸರಿರಲಿಲ್ಲ. "ಮೂಸಿದರೆ ಗೊತ್ತಾಗುತ್ತದೆ ಮೇಡಂ" ಎಂದರು ಆಯಮ್ಮ. ಇವೆರಡು ಬೆರೆತರೆ ಹುಟ್ಟುವುದು ಕ್ಲೋರಿನ್ ಅನಿಲ. ಹೆಸರಿಲ್ಲದ ಬಾಟಲಿಗೆ ಊಹೆಯ ಮೇಲೆ ಚೀಟಿ ಅಂಟಿಸಬೇಡಿ. ಪಕ್ಕಕ್ಕಿಟ್ಟು ವಿಲೇವಾರಿಗೆ ಕಳುಹಿಸಿ. ಹೈಪೋ, ಆಸಿಡ್ ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಿಸಿಯೇ ಮುಂದೆ ಹೆಜ್ಜೆ ಹಾಕಿ.

ಮುಂದೆ ಎಂಡೋಸ್ಕೋಪಿ ಕೋಣೆ. ಇಲ್ಲಿ ಆತುರ ಬೇಡ. ಉಪಕರಣಗಳನ್ನು ನೆನೆಸುವುದು ರೋಗಾಣು ಕೊಲ್ಲುವ ಶೇ 2ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ. ಅದರ ಆವಿ ಕಣ್ಣು, ಮೂಗು ಉರಿಸುತ್ತದೆ. ವರ್ಷಗಟ್ಟಲೆ ಅಲ್ಲೇ ದುಡಿದವರಿಗೆ ಆಸ್ತಮಾ ತರಬಲ್ಲದು. ಟ್ರೇಗೆ ಮುಚ್ಚಳವಿದೆಯೇ? ಕೈಯಲ್ಲಿರುವುದು ನೈಟ್ರೈಲ್ ಗ್ಲೌಸೋ, ಆಪರೇಷನ್ನಿನ ತೆಳು ಲೇಟೆಕ್ಸೋ? ಲೇಟೆಕ್ಸ್ ಈ ದ್ರಾವಣವನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ.

ಈಗ ಊದುಬತ್ತಿ. ಮೈಸೂರಿನಲ್ಲಿ ಅದಕ್ಕೇನು ಬರ! ರೋಗಿ ಇಲ್ಲದಾಗ, ಆಕ್ಸಿಜನ್ ಮತ್ತು ಸ್ಪಿರಿಟ್ ಎರಡನ್ನೂ ಹೊರಗೆ ಸಾಗಿಸಿದ ಮೇಲೆ, ಟ್ರೇಯ ಅಂಚಿನಲ್ಲಿ ಹಚ್ಚಿ ಹೊಗೆ ಯಾವ ಕಡೆಗೆ ವಾಲುತ್ತದೆ ನೋಡಿ; ಗಾಳಿ ಆವಿಯನ್ನು ಒಯ್ಯುವುದೂ ಅತ್ತಲೇ. ಗ್ಲುಟರಾಲ್ಡಿಹೈಡ್ ಆವಿ ಗಾಳಿಗಿಂತ ಭಾರ. ಆದರೆ ನಮ್ಮಲ್ಲಿ ಎಕ್ಸಾಸ್ಟ್ ಫ್ಯಾನ್ ಇರುವುದು ಸೂರಿನ ಕೆಳಗೆ. ಫ್ಯಾನ್ ಆವಿಯನ್ನು ಮೇಲೆಳೆಯುವಾಗ ದಾರಿಯಲ್ಲಿ ಸಿಗುವುದು ಸಿಸ್ಟರ್ ಮುಖ. ಹೊಗೆ ಅವರತ್ತ ಹೋದರೆ ಫ್ಯಾನಿನ ಜಾಗ ಬದಲಿಸಲು ಬರೆಯಿರಿ; ಹೊಗೆಯ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದು ಜೊತೆಗೆ ಲಗತ್ತಿಸಿ. ಆಡಳಿತ ಮಂಡಳಿಗೆ ಮಾತಿಗಿಂತ ಚಿತ್ರ ಬೇಗ ಅರ್ಥವಾಗುತ್ತದೆ.

ಲ್ಯಾಬಿನಲ್ಲಿ ಫಾರ್ಮಾಲಿನ್ (ಅಂಗಾಂಶದ ಮಾದರಿ ಕೆಡದಂತೆ ಇಡುವ ದ್ರಾವಣ) ಡಬ್ಬಿಗಳ ಮುಚ್ಚಳ ಬಿಗಿಯಾಗಿದ್ದರೆ ಸಾಕು, ಮುಂದೆ ನಡೆಯಿರಿ. ಪಾದರಸದ ಬಿಪಿ ಯಂತ್ರ ಇನ್ನೂ ಇದ್ದರೆ, ಒಡೆದಾಗ ಪೊರಕೆ ಹಿಡಿಯಬಾರದೆಂದು ಗೊತ್ತಿದೆಯೇ ಎಂದು ಕೇಳಿ. ಗುಡಿಸಿದಷ್ಟೂ ಅದು ಸಣ್ಣ ಹನಿಗಳಾಗಿ ಚದುರುತ್ತದೆ. ಗಟ್ಟಿ ಕಾಗದದಿಂದ ಒಟ್ಟುಗೂಡಿಸಿ, ಸಿರಿಂಜಿನಲ್ಲಿ ಹೀರಿ, ನೀರಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಬೇಕು. ಅದಕ್ಕೂ ಮೊದಲು ಬಳೆ, ಉಂಗುರ ತೆಗೆದಿಡಬೇಕು. ಚಿನ್ನಕ್ಕೆ ಪಾದರಸ ಅಂಟುತ್ತದೆ ಎಂದರೆ ಈ ಮಾತನ್ನು ಯಾರೂ ಮರೆಯುವುದಿಲ್ಲ!

ಈಗ ರಿಜಿಸ್ಟರ್ ತೆರೆಯಿರಿ. ನೀವು ಕಂಡದ್ದಕ್ಕೂ ಅಲ್ಲಿ ಬರೆದದ್ದಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕೆಂಪು ಗುರುತು ಹಾಕಿ. ಪ್ರತಿ ಗುರುತಿನ ಮುಂದೆ ಸರಿಪಡಿಸುವವರ ಹುದ್ದೆ ಮತ್ತು ತಾರೀಖು ಇರಲಿ. ಆ ತಾರೀಖಿನ ಮರುದಿನ, ಮತ್ತೆ ಆರೂವರೆಗೆ ಹೋಗಿ.