ಪ್ರಸ್ತಾರ ಹಾಕಿ, ಪ್ರೋಟೀನ್ ಕಟ್ಟಿ

ಹತ್ತನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಪದ್ಯದ ಒಂದು ಸಾಲು ಕೊಟ್ಟು ‘ಪ್ರಸ್ತಾರ ಹಾಕಿ, ಗಣ ವಿಭಾಗಿಸಿ’ ಎಂದು ಕೇಳುತ್ತಿದ್ದರಲ್ಲ, ನೆನಪಿದೆಯೇ? ಲಘು–ಗುರು ಗುರುತು ಹಾಕುತ್ತ ಹೋಗಿ, ಅಕ್ಷರಗಣವಾದರೆ ಮೂರು ಮೂರಕ್ಕೆ ಒಂದು ಗೆರೆ ಎಳೆದು, ‘ಯಮಾತಾರಾಜಭಾನಸಲಗಂ’ ಎಂದು ಬಾಯೊಳಗೇ ಗುನುಗಿಕೊಂಡು ಗಣದ ಹೆಸರು ಬರೆದರೆ ಅಂಕ ಗ್ಯಾರಂಟಿ. ಆ ಲೆಕ್ಕ ಬರುವವರಿಗೆ ಜೀವಕೋಶ ಪ್ರೋಟೀನ್ ಕಟ್ಟುವ ಬಗೆ ಅರ್ಧ ಗೊತ್ತಿದ್ದಂತೆಯೇ. ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡುವ ನಾನು ಈ ಅಧ್ಯಾಯವನ್ನು ಛಂದಸ್ಸಿನಿಂದಲೇ ಶುರು ಮಾಡುವುದು. ‘ಕೋಶ ಒಂದು ಕಾರ್ಖಾನೆ’ ಎಂದು ಶುರು ಮಾಡಿದ ವರ್ಷಗಳಲ್ಲಿ ಹುಡುಗರು ಕಾರ್ಖಾನೆಯನ್ನು ನೆನಪಿಟ್ಟುಕೊಂಡು ಕೋಡಾನ್ ಮರೆಯುತ್ತಿದ್ದರು.

ಲಘು–ಗುರು ಎರಡೇ ಗುರುತು. ಮೂರರ ಗುಂಪು ಮಾಡಿದರೆ 2×2×2, ಎಂಟು ಗಣ. ವಂಶವಾಹಿಯ ಲಿಪಿಯಲ್ಲಿ ನಾಲ್ಕು ಅಕ್ಷರ: ಎ, ಯು, ಜಿ, ಸಿ. ಮೂರರ ಗುಂಪು ಮಾಡಿದರೆ 4×4×4, ಅಂದರೆ 64. ಈ ಗುಂಪಿಗೆ ಕೋಡಾನ್ ಎಂದು ಹೆಸರು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. 61 ಕೋಡಾನ್‌ಗಳು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ, ಉಳಿದ ಮೂರು ‘ಇಲ್ಲಿಗೆ ಮುಗಿಯಿತು’ ಎನ್ನುತ್ತವೆ. ಅಮೈನೋ ಆಮ್ಲ ಇರುವುದು 20 ಬಗೆ. ಹಾಗಾಗಿ ಹಲವು ಆಮ್ಲಗಳಿಗೆ ಒಂದಕ್ಕಿಂತ ಹೆಚ್ಚು ಕೋಡಾನ್.

ಒಂದು ಪೆನ್ಸಿಲ್, ಒಂದು ಹಾಳೆ ತೆಗೆದುಕೊಳ್ಳಿ. ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕ ಮನೆಯಲ್ಲಿದ್ದರೆ ಅದರೊಳಗೆ ಕೋಡಾನ್ ಕೋಷ್ಟಕವಿದೆ, ಪಕ್ಕದಲ್ಲಿಟ್ಟುಕೊಳ್ಳಿ. ಕೊನೆಯ ಒಂದು ಲೆಕ್ಕಕ್ಕೆ ಮಾತ್ರ ಅದು ಬೇಕು.

ಹೆಜ್ಜೆ 1: ಸಾಲು ಬರೆದುಕೊಳ್ಳಿ

ನಮ್ಮ ಕರುಳಲ್ಲಿ ವಾಸಿಸುವ ಇ-ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಸಿಕ್ಕಿತೆನ್ನಿ. ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಸೀಳಲು ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ಅದರ ವಂಶವಾಹಿಗೆ ಲ್ಯಾಕ್-ಝಡ್ ಎಂದು ಹೆಸರು. ಡಿಎನ್‌ಎಯಲ್ಲಿರುವ ಈ ವಂಶವಾಹಿಯನ್ನು ಕೋಶ ಮೊದಲು ಎಂಆರ್‌ಎನ್‌ಎ ಎಂಬ ನಕಲಿಗೆ ಇಳಿಸಿಕೊಳ್ಳುತ್ತದೆ. ಆ ನಕಲಿನ ಆರಂಭದ ಬಳಿಯ 32 ಅಕ್ಷರಗಳು ಹೀಗಿವೆ:

ಎ ಜಿ ಜಿ ಎ ಎ ಎ ಸಿ ಎ ಜಿ ಸಿ ಯು ಎ ಯು ಜಿ ಎ ಸಿ ಸಿ ಎ ಯು ಜಿ ಎ ಯು ಯು ಎ ಸಿ ಜಿ ಜಿ ಎ ಯು ಯು ಸಿ ಎ

ನಡುವೆ ಪದ ಬಿಡಿಸಿಲ್ಲ, ಅಲ್ಪವಿರಾಮವಿಲ್ಲ. ಹಳಗನ್ನಡದ ತಾಳೆಗರಿಯಂತೆ ಒಂದೇ ಓಟ.

ನಮ್ಮ ಕೋಶಗಳಲ್ಲಿ ನಕಲು ತಯಾರಾಗುವುದು ಕೋಶಕೇಂದ್ರದೊಳಗೆ, ಓದುವುದು ಹೊರಗೆ. ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವೇ ಇಲ್ಲ. ಬರೆಯುವವರ ಭುಜದ ಮೇಲಿಂದ ಇಣುಕಿ ಓದುವವರ ಹಾಗೆ, ನಕಲಿನ ಬಾಲ ಇನ್ನೂ ತಯಾರಾಗುತ್ತಿರುವಾಗಲೇ ತಲೆಯ ಕಡೆ ಓದು ಶುರುವಾಗಿರುತ್ತದೆ. ಇ-ಕೋಲಿಯಲ್ಲಿ ನಕಲು ಮಾಡುವ ವೇಗ ಸೆಕೆಂಡಿಗೆ ಸುಮಾರು 45 ಅಕ್ಷರ. ಓದುವ ವೇಗ ಸುಮಾರು 15 ಕೋಡಾನ್, ಅಂದರೆ ಅದೂ 45 ಅಕ್ಷರ. ಎರಡೂ ಹೆಗಲಿಗೆ ಹೆಗಲು ಕೊಟ್ಟ ಎತ್ತುಗಳು.

ಹೆಜ್ಜೆ 2: ಎಲ್ಲಿಂದ ಶುರು?

ಇಡೀ ಕೆಲಸದಲ್ಲಿ ನಿಜವಾಗಿ ಕಷ್ಟದ ಹೆಜ್ಜೆ ಇದೊಂದೇ ಎಂದು ನನ್ನ ಲೆಕ್ಕ. ನೀವೇ ಮಾಡಿ ನೋಡಿ. ಮೊದಲ ಅಕ್ಷರದಿಂದ ಮೂರು ಮೂರಕ್ಕೆ ಗೆರೆ ಎಳೆಯಿರಿ: ಎಜಿಜಿ, ಎಎಎ, ಸಿಎಜಿ, ಸಿಯುಎ, ಯುಜಿಎ. ಐದನೆಯದು ಯುಜಿಎ, ಮುಕ್ತಾಯದ ಮೂರು ಕೋಡಾನ್‌ಗಳಲ್ಲಿ ಒಂದು! ಕಥೆ ಶುರುವಾಗುವ ಮೊದಲೇ ಮಂಗಳ ಹಾಡಿದಂತಾಯಿತು. ಒಂದಕ್ಷರ ತಪ್ಪಿ ಗೆರೆ ಎಳೆದರೆ ಮುಂದಿನ ಗಣಗಳೆಲ್ಲ ತಪ್ಪುತ್ತವೆ ಎಂದು ಕನ್ನಡ ಮೇಷ್ಟ್ರು ಹೇಳುತ್ತಿದ್ದದ್ದು ಇದನ್ನೇ.

‘ಎಯುಜಿ ಇರುವಲ್ಲಿ ಶುರು’ ಎಂದು ಪುಸ್ತಕದಲ್ಲಿದೆ. ಸರಿ, ಆದರೆ ನಮ್ಮ ಸಾಲಿನಲ್ಲಿ ಎಯುಜಿ ಎರಡಿವೆ. ಯಾವುದು? ಹೋದ ವರ್ಷ ಒಬ್ಬ ಹುಡುಗಿ ಎದ್ದುನಿಂತು ಇದನ್ನೇ ಕೇಳಿದಳು. ನಾನು ಹಲಗೆಗೆ ಬೆನ್ನು ಮಾಡಿ ನಗುವಷ್ಟು ಖುಷಿಪಟ್ಟೆ.

ಉತ್ತರ ಸಿಕ್ಕಿದ್ದು 1974ರಲ್ಲಿ, ಆಸ್ಟ್ರೇಲಿಯಾದ ಜಾನ್ ಶೈನ್ ಮತ್ತು ಲಿನ್ ಡಲ್ಗಾರ್ನೊ ಅವರಿಗೆ. ಓದುವ ಯಂತ್ರದ ಹೆಸರು ರೈಬೋಸೋಮ್. ಅದು ಎರಡು ಹೋಳು: ಚಿಕ್ಕದಕ್ಕೆ 30ಎಸ್, ದೊಡ್ಡದಕ್ಕೆ 50ಎಸ್, ಕೂಡಿದಾಗ 70ಎಸ್. (30ಕ್ಕೆ 50 ಕೂಡಿಸಿದರೆ 80 ಅಲ್ಲವೇ ಎನ್ನಬೇಡಿ. ಎಸ್ ಎಂಬುದು ತೂಕವಲ್ಲ, ಅತಿವೇಗದಲ್ಲಿ ತಿರುಗಿಸಿದಾಗ ತಳಕ್ಕಿಳಿಯುವ ವೇಗದ ಅಳತೆ.) ಚಿಕ್ಕ ಹೋಳಿನೊಳಗೆ 1542 ಅಕ್ಷರಗಳ ಒಂದು ಆರ್‌ಎನ್‌ಎ ಇದೆ. ಅದರ ಬಾಲದ ತುದಿಯಲ್ಲಿ ಯುಸಿಸಿಯು ಎಂಬ ತುಣುಕು. ಎಗೆ ಯು, ಜಿಗೆ ಸಿ ಜೋಡಿ. ಎರಡೂ ಎಳೆಗಳು ಎದುರುಬದುರಾಗಿ ಮಲಗಿದರೆ ಯುಸಿಸಿಯು ಹೋಗಿ ಕಚ್ಚಿಕೊಳ್ಳುವುದು ಎಜಿಜಿಎಯನ್ನು. ನಮ್ಮ ಸಾಲಿನ ಮೊದಲ ನಾಲ್ಕು ಅಕ್ಷರ ನೋಡಿ: ಎಜಿಜಿಎ.

ರೈಬೋಸೋಮ್ ಅಲ್ಲಿ ಲಂಗರು ಹಾಕಿತು. ಈಗ ಎಣಿಸಿ. ಎಜಿಜಿಎ ಆದ ಮೇಲೆ ಏಳು ಅಕ್ಷರ ಬಿಟ್ಟರೆ ಮೊದಲ ಎಯುಜಿ. ಹದಿಮೂರು ಬಿಟ್ಟರೆ ಎರಡನೆಯದು. ಲಂಗರು ಕೂತಾಗ ರೈಬೋಸೋಮಿನ ಓದುವ ಜಾಗ ಸರಿಯಾಗಿ ಬರುವುದು ಮೊದಲನೆಯದರ ಮೇಲೆ. ಐದರಿಂದ ಒಂಬತ್ತು ಅಕ್ಷರದ ಅಂತರ ಹದವಾದದ್ದು. ಏಳು ಅದರ ನಟ್ಟನಡುವೆ. ಎರಡನೇ ಎಯುಜಿ ಸಾಲಿನ ನಡುವಣ ಸಾಮಾನ್ಯ ಕೋಡಾನ್ ಆಗಿ ಉಳಿಯಿತು.

ಮೊದಲ ಎಯುಜಿ ಮೇಲೆ ಬಂದು ಕೂರುವುದಕ್ಕೂ ಬೇರೆಯದೇ ಟಿಆರ್‌ಎನ್‌ಎ ಇದೆ. ಟಿಆರ್‌ಎನ್‌ಎ ಅಂದರೆ ಒಂದು ತುದಿಯಲ್ಲಿ ಕೋಡಾನ್ ಓದಿ, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ ಹೊತ್ತು ತರುವ ಚಿಕ್ಕ ಆರ್‌ಎನ್‌ಎ. ಶುರುವಿನದು ತರುವುದು ಮಿಥಿಯೋನಿನ್ ಆಮ್ಲವನ್ನೇ, ಆದರೆ ಅದರ ತಲೆಗೆ ಫಾರ್ಮೈಲ್ ಎಂಬ ಟೋಪಿ ಇಟ್ಟಿರುತ್ತದೆ. ಈ ಟಿಆರ್‌ಎನ್‌ಎಯ ಕಾಂಡದಲ್ಲಿ ಒಂದರ ಕೆಳಗೊಂದು ಮೂರು ಜಿ–ಸಿ ಜೋಡಿಗಳಿವೆ. ಉಳಿದವುಗಳಿಂದ ಇದನ್ನು ಬೇರೆ ಮಾಡುವ ಗುರುತುಗಳಲ್ಲಿ ಅದೊಂದು. ಆ ಮೂರು ಜೋಡಿಗಳು ಏನು ಕೆಲಸ ಮಾಡುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರ ತಂಡ ವರ್ಷಗಟ್ಟಲೆ ಬಿಡಿಸಿ ನೋಡಿದೆ. ನಮ್ಮೂರಿನ ‘ಟಾಟಾ ಇನ್‌ಸ್ಟಿಟ್ಯೂಟ್‌’ನಲ್ಲಿ ಏನು ಮಾಡುತ್ತಾರೆ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು.

ಶುರುವಿನ ಕೆಲಸಕ್ಕೆ ಮೂರು ಸಹಾಯಕ ಪ್ರೋಟೀನ್‌ಗಳೂ ಸೇರುತ್ತವೆ. ಎಲ್ಲ ಸರಿಯಾದ ಮೇಲೆ ದೊಡ್ಡ ಹೋಳು ಮೇಲಿಂದ ಬಂದು ಕೂರುತ್ತದೆ. ಇನ್ನೊಂದು ಮಾತು: ಇ-ಕೋಲಿ ಯಾವಾಗಲೂ ಎಯುಜಿಯಿಂದಲೇ ಶುರು ಮಾಡಬೇಕೆಂದಿಲ್ಲ. ಲ್ಯಾಕ್-ಝಡ್‌ಗೆ ಬೀಗ ಹಾಕುವ ನೆರೆಯ ವಂಶವಾಹಿ ಲ್ಯಾಕ್-ಐ ಶುರುವಾಗುವುದು ಜಿಯುಜಿಯಿಂದ. ಸಾಲಿನ ನಡುವೆ ಜಿಯುಜಿ ಬಂದರೆ ವ್ಯಾಲಿನ್, ಶುರುವಿನಲ್ಲಿ ಬಂದರೆ ಮಿಥಿಯೋನಿನ್. ಪರೀಕ್ಷೆಯಲ್ಲಿ ಹುಡುಗರು ಅಂಕ ಕಳೆದುಕೊಳ್ಳುವ ಜಾಗ.

ಹೆಜ್ಜೆ 3: ಮೂರು ಮೂರಕ್ಕೆ ಗೆರೆ, ಕೆಳಗೆ ಹೆಸರು

ಈಗ ಎಯುಜಿಯಿಂದ ಗೆರೆ ಎಳೆಯಿರಿ: ಎಯುಜಿ, ಎಸಿಸಿ, ಎಯುಜಿ, ಎಯುಯು, ಎಸಿಜಿ, ಜಿಎಯು, ಯುಸಿಎ. ಕೆಳಗೆ ಹೆಸರು ಬರೆಯಿರಿ: ಮಿಥಿಯೋನಿನ್, ಥ್ರಿಯೋನಿನ್, ಮಿಥಿಯೋನಿನ್, ಐಸೋಲ್ಯೂಸಿನ್, ಥ್ರಿಯೋನಿನ್, ಆಸ್ಪಾರ್ಟೇಟ್, ಸೆರಿನ್. ಥ್ರಿಯೋನಿನ್ ಎರಡು ಸಲ ಬಂತು, ಎರಡು ಬೇರೆ ಕೋಡಾನ್‌ಗಳಿಂದ. ಎಸಿಸಿ, ಎಸಿಜಿ: ಮೊದಲೆರಡು ಅಕ್ಷರ ಒಂದೇ, ಮೂರನೆಯದು ಬೇರೆ.

ಈ ನಿಘಂಟು ಸುಮ್ಮನೆ ಸಿಕ್ಕಿದ್ದಲ್ಲ. 1961ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಇ-ಕೋಲಿಯನ್ನು ಅರೆದು, ಆ ರಸಕ್ಕೆ ಬರೀ ಯು-ಯು-ಯು ಎಂದಿರುವ ಆರ್‌ಎನ್‌ಎ ಹಾಕಿದರು. ಬರೀ ಫಿನೈಲ್‌ಅಲನಿನ್ ಪೋಣಿಸಿದ ಸರ ಬಂತು. ಅವಿಭಜಿತ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದ ಹರಗೋಬಿಂದ ಖುರಾನಾ ಯು-ಸಿ-ಯು-ಸಿ ಎಂದು ಎರಡೇ ಅಕ್ಷರ ಮರುಕಳಿಸುವ ಆರ್‌ಎನ್‌ಎ ಬೇಕೆಂದೇ ಕಟ್ಟಿದರು. ಮೂರಕ್ಕೆ ಗೆರೆ ಎಳೆದರೆ ಯುಸಿಯು, ಸಿಯುಸಿ, ಯುಸಿಯು... ಬಂದ ಸರವೂ ಹಾಗೆಯೇ: ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್. ಗಣ ಮೂರಕ್ಷರದ್ದು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ನಾನು ನೋಡಿಲ್ಲ. ನಿರೆನ್‌ಬರ್ಗ್, ಖುರಾನಾ, ರಾಬರ್ಟ್ ಹಾಲಿ ಮೂವರಿಗೂ 1968ರಲ್ಲಿ ನೊಬೆಲ್.

ಹಾಳೆಯ ಮೇಲೆ ನಾವು ಕೋಷ್ಟಕ ನೋಡಿ ಬರೆದೆವು. ಕೋಶದಲ್ಲಿ ಕೋಷ್ಟಕ ಎಲ್ಲಿದೆ? ಟಿಆರ್‌ಎನ್‌ಎಗೆ ಸರಿಯಾದ ಆಮ್ಲವನ್ನೇ ಅಂಟಿಸುವ ಕಿಣ್ವಗಳಲ್ಲಿದೆ. ಅವೇ ನಿಜವಾದ ದ್ವಿಭಾಷಿಗಳು. ರೈಬೋಸೋಮ್ ನೋಡುವುದು ಕೋಡಾನ್ ಹೊಂದಿತೋ ಇಲ್ಲವೋ ಎಂಬುದನ್ನು ಮಾತ್ರ. ಇನ್ನೊಂದು ತುದಿಯಲ್ಲಿ ಏನು ನೇತಾಡುತ್ತಿದೆ ಎಂದು ಅದು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಹೊಂದಿತೋ ಇಲ್ಲವೋ ಎಂದು ನೋಡುವ ಪರಿ ಮಾತ್ರ ಬಲು ಸೊಗಸು. ಆಮ್ಲ ಹೊತ್ತ ಟಿಆರ್‌ಎನ್‌ಎಯನ್ನು ಇಎಫ್-ಟಿಯು ಎಂಬ ಪ್ರೋಟೀನ್ ಕೈಹಿಡಿದು ಕರೆತರುತ್ತದೆ. ಟಿಆರ್‌ಎನ್‌ಎಯ ಮೂರಕ್ಷರ ಕೋಡಾನ್‌ನ ಮೂರಕ್ಷರದೊಂದಿಗೆ ಕೂಡಿದಾಗ, ಚಿಕ್ಕ ಹೋಳಿನ ಆರ್‌ಎನ್‌ಎಯಲ್ಲಿ 1492 ಮತ್ತು 1493ನೇ ಜಾಗದಲ್ಲಿರುವ ಎರಡು ‘ಎ’ಗಳು ಹೊರಕ್ಕೆ ಹೊರಳಿ ಆ ಜೋಡಿಗಳನ್ನು ತಡವಿ ನೋಡುತ್ತವೆ. ಮಾರುಕಟ್ಟೆಯಲ್ಲಿ ಬದನೆಕಾಯಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇವಲ್ಲ, ಹಾಗೆ. ಮೊದಲೆರಡು ಜೋಡಿಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮೂರನೆಯದರಲ್ಲಿ ಸ್ವಲ್ಪ ಸಡಿಲ. ಪಾದದ ಕೊನೆಯ ಅಕ್ಷರ ಲಘುವಾದರೂ ಗುರುವೆಂದೇ ಎಣಿಸಿಕೊಳ್ಳಬಹುದು ಎಂಬ ವಿನಾಯಿತಿ ಛಂದಸ್ಸಿನಲ್ಲೂ ಉಂಟು. ಈ ಸಡಿಲದಿಂದಾಗಿಯೇ ಒಂದೇ ಟಿಆರ್‌ಎನ್‌ಎ ಒಂದಕ್ಕಿಂತ ಹೆಚ್ಚು ಕೋಡಾನ್ ಓದಬಲ್ಲದು. ಇದನ್ನು ಅಣುಮಟ್ಟದಲ್ಲಿ ತೋರಿಸಿಕೊಟ್ಟದ್ದು ಚಿದಂಬರಂನಲ್ಲಿ ಹುಟ್ಟಿ ಬರೋಡಾದಲ್ಲಿ ಬೆಳೆದ ವೆಂಕಟರಾಮನ್ ರಾಮಕೃಷ್ಣನ್ ಅವರ ಕೇಂಬ್ರಿಜ್ ತಂಡ. ಥಾಮಸ್ ಸ್ಟೈಟ್ಜ್, ಅದಾ ಯೋನತ್ ಜತೆ 2009ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು.

ಹೆಜ್ಜೆ 4: ಪೋಣಿಸಿ, ಸರಿಯಿರಿ

ರೈಬೋಸೋಮಿನಲ್ಲಿ ಟಿಆರ್‌ಎನ್‌ಎಗೆ ಮೂರು ಆಸನ: ಎ, ಪಿ, ಇ. ಹೊಸಬ ಬಂದು ಕೂರುವುದು ಎ ಆಸನದಲ್ಲಿ. ಪಿ ಆಸನದಲ್ಲಿ ಕೂತವನ ಕೈಯಲ್ಲಿ ಅಲ್ಲಿಯವರೆಗಿನ ಸರ. ಸರ ಪೂರ್ತಿಯಾಗಿ ಹೊಸಬನ ಆಮ್ಲದ ಮೇಲೆ ವರ್ಗಾವಣೆಯಾಗುತ್ತದೆ. ಈ ಗಂಟು ಹಾಕುವ ಕೈ ಪ್ರೋಟೀನ್‌ನದ್ದಲ್ಲ, ದೊಡ್ಡ ಹೋಳಿನ ಆರ್‌ಎನ್‌ಎಯದ್ದೇ. ಬಳಿಕ ಇಎಫ್-ಜಿ ಎಂಬ ಪ್ರೋಟೀನ್ ತಳ್ಳಿದಾಗ ಎಲ್ಲರೂ ಒಂದೊಂದು ಆಸನ ಸರಿಯುತ್ತಾರೆ. ಖಾಲಿ ಕೈಯವನು ಇ ಆಸನದಿಂದ ಇಳಿದುಹೋಗುತ್ತಾನೆ. ‘ಮುಂದಕ್ಕೆ ಹೋಗ್ರೀ’ ಎನ್ನುವ ಬಸ್ ಕಂಡಕ್ಟರ್ ಇಲ್ಲಿ ಇಎಫ್-ಜಿ.

ಒಂದು ಆಮ್ಲ ಸೇರಿಸಲು, ಹೊರೆ ಹೊರಿಸುವುದೂ ಸೇರಿ, ನಾಲ್ಕು ಅಧಿಕಶಕ್ತಿ ಬಂಧಗಳ ಖರ್ಚು. ಲ್ಯಾಕ್-ಝಡ್‌ನಲ್ಲಿ 1024 ಕೋಡಾನ್. ಲೆಕ್ಕ ಹಾಕಿ: ನಾಲ್ಕು ಸಾವಿರಕ್ಕೂ ಮೇಲೆ. ಸಕ್ಕರೆಯೇ ಇಲ್ಲದಾಗ ಈ ವಂಶವಾಹಿಗೆ ಬೀಗ ಹಾಕಿಡುವುದು ಜಿಪುಣತನವಲ್ಲ, ಜಾಣತನ.

ಹೆಜ್ಜೆ 5: ನಿಲ್ಲಿಸಿ

ಲ್ಯಾಕ್-ಝಡ್ ಮುಗಿಯುವುದು ಯುಎಎಯಿಂದ. ಯುಎಎ, ಯುಎಜಿ, ಯುಜಿಎ ಮೂರನ್ನೂ ಓದುವ ಟಿಆರ್‌ಎನ್‌ಎ ಸಾಮಾನ್ಯವಾಗಿ ಇಲ್ಲ. ಆರ್‌ಎಫ್-1 ಅಥವಾ ಆರ್‌ಎಫ್-2 ಎಂಬ ಪ್ರೋಟೀನ್ ಟಿಆರ್‌ಎನ್‌ಎಯ ಜಾಗಕ್ಕೆ ಬಂದು ಕೂತು, ಒಂದು ನೀರಿನ ಅಣುವಿನಿಂದ ಸರವನ್ನು ಕತ್ತರಿಸಿ ಬಿಡಿಸುತ್ತದೆ. ಆಮೇಲೆ ಎರಡು ಹೋಳುಗಳೂ ಬೇರೆಯಾಗಿ ಮತ್ತೊಂದು ಎಜಿಜಿಎ ಹುಡುಕಿಕೊಂಡು ಹೊರಡುತ್ತವೆ. ಶುರುವಿನಿಂದ ಇಲ್ಲಿಯವರೆಗೆ ಒಂದು ನಿಮಿಷದ ಮೇಲೆ ಕೆಲವು ಸೆಕೆಂಡು.

ಎಂಆರ್‌ಎನ್‌ಎ ನಡುವೆಯೇ ತುಂಡಾಗಿ ಮುಕ್ತಾಯದ ಕೋಡಾನ್ ಕಾಣೆಯಾಗಿದ್ದರೆ? ರೈಬೋಸೋಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಅರ್ಧ ಟಿಆರ್‌ಎನ್‌ಎ, ಅರ್ಧ ಎಂಆರ್‌ಎನ್‌ಎ ಆಗಿರುವ ಟಿಎಂಆರ್‌ಎನ್‌ಎ ಎಂಬ ನರಸಿಂಹ ಬಂದು, ತನ್ನದೇ ಚಿಕ್ಕ ಸಾಲನ್ನು ಓದಿಸಿ, ಅರೆಬರೆ ಪ್ರೋಟೀನ್‌ಗೆ ‘ಕಸಕ್ಕೆ ಹಾಕಿ’ ಎಂಬ ಚೀಟಿ ಅಂಟಿಸಿ, ರೈಬೋಸೋಮನ್ನು ಬಿಡಿಸುತ್ತದೆ.

ಔಷಧ ಕೈಹಾಕುವುದು ಎಲ್ಲಿ?

ಮೇಲಿನ ಹೆಜ್ಜೆಗಳನ್ನು ಹಾಳೆಯ ಮೇಲೆ ಮಾಡಿದವರಿಗೆ ಔಷಧದಂಗಡಿಯ ಕಪಾಟು ಬೇರೆಯೇ ಕಾಣುತ್ತದೆ. ಟೆಟ್ರಾಸೈಕ್ಲಿನ್ ಎ ಆಸನಕ್ಕೆ ಅಡ್ಡ ಕೂರುತ್ತದೆ. ಕ್ಲೋರಾಂಫೆನಿಕಾಲ್ ಗಂಟು ಹಾಕುವ ಕೈಯನ್ನೇ ಹಿಡಿಯುತ್ತದೆ. ಕಟ್ಟಿದ ಸರ ಹೊರಬರಲು ದೊಡ್ಡ ಹೋಳಿನಲ್ಲೊಂದು ಸುರಂಗವಿದೆ. ಅಜಿಥ್ರೋಮೈಸಿನ್ ಹೋಗಿ ತುರುಕಿಕೊಳ್ಳುವುದು ಆ ಸುರಂಗದಲ್ಲಿ. ಎಲ್ಲಕ್ಕಿಂತ ಕಪಟಿ ಎಂದರೆ ಜೆಂಟಾಮೈಸಿನ್ ಬಳಗ. ಅದು 1492 ಮತ್ತು 1493ರ ಆ ಎರಡು ‘ಎ’ಗಳನ್ನು ಮೊದಲೇ ಹೊರಕ್ಕೆ ಹೊರಳಿಸಿಬಿಡುತ್ತದೆ. ತಡವಿ ನೋಡಬೇಕಾದ ಬೆರಳು ನೋಡುವ ಮೊದಲೇ ‘ಸರಿಯಿದೆ’ ಎಂದಂತಾಗಿ, ತಪ್ಪು ಟಿಆರ್‌ಎನ್‌ಎಗಳೂ ಒಳಬರುತ್ತವೆ, ಪ್ರೋಟೀನ್‌ಗಳು ಹಾಳಾಗುತ್ತವೆ. ನಮ್ಮ ಕೋಶಗಳ ರೈಬೋಸೋಮ್ 80ಎಸ್, ರಚನೆ ಕೊಂಚ ಬೇರೆ. ಈ ಔಷಧಗಳು ಬ್ಯಾಕ್ಟೀರಿಯಾವನ್ನು ಹುಡುಕಿ ಹೊಡೆಯಲು ಆ ವ್ಯತ್ಯಾಸವೇ ಆಧಾರ.

ಕೊನೆಗೊಂದು ಒಗಟು

ನಮ್ಮ ಸರಕ್ಕೆ ವಾಪಸು ಬನ್ನಿ. ಸುರಂಗದಿಂದ ತಲೆ ಹೊರಗೆ ಹಾಕುತ್ತಿದ್ದಂತೆ ಒಂದು ಕಿಣ್ವ ಫಾರ್ಮೈಲ್ ಟೋಪಿ ತೆಗೆಯುತ್ತದೆ, ಇನ್ನೊಂದು ಮೊದಲ ಮಿಥಿಯೋನಿನನ್ನೇ ಕಿತ್ತುಹಾಕುತ್ತದೆ. ಅಷ್ಟು ಕಷ್ಟಪಟ್ಟು ಹುಡುಕಿದ ಎಯುಜಿ ತಂದ ಆಮ್ಲ ಪ್ರೋಟೀನಿನಲ್ಲಿ ಉಳಿಯುವುದೇ ಇಲ್ಲ! ಹಾಳೆಯ ಮೇಲೆ ನೀವೂ ಅದನ್ನು ಹೊಡೆದುಹಾಕಿ. ಉಳಿದದ್ದು 1023, ಥ್ರಿಯೋನಿನ್‌ನಿಂದ ಆರಂಭ. ಇಂಥ ನಾಲ್ಕು ಸರಗಳು ಮಡಚಿ ಒಟ್ಟುಗೂಡಿದಾಗ ಲ್ಯಾಕ್ಟೋಸ್ ಸೀಳುವ ಕಿಣ್ವ ಸಿದ್ಧ.

ಇನ್ನು ನಿಮ್ಮ ಲೆಕ್ಕ. ಯುಸಿಎ ಆದ ಮೇಲೆ ಲ್ಯಾಕ್-ಝಡ್ ಹೀಗೆ ಮುಂದುವರಿಯುತ್ತದೆ: ಸಿ ಯು ಜಿ ಜಿ ಸಿ ಸಿ ಜಿ ಯು ಸಿ ಜಿ ಯು ಯು ಯು ಯು ಎ. ಗೆರೆ ಎಳೆದು, ಕೋಷ್ಟಕ ನೋಡಿ ಹೆಸರು ಬರೆಯಿರಿ. ಮೊದಲನೆಯದೂ ಕೊನೆಯದೂ ಒಂದೇ ಆಮ್ಲವಾಗಿ, ನಡುವೆ ಒಂದೇ ಹೆಸರಿನ ಎರಡು ಆಮ್ಲ ಅಕ್ಕಪಕ್ಕ ಬಂದಿದ್ದರೆ ನಿಮ್ಮ ಪ್ರಸ್ತಾರ ಸರಿ. ಬರದಿದ್ದರೆ ಗೆರೆ ಎಲ್ಲೋ ಒಂದಕ್ಷರ ಜಾರಿದೆ. ಅಳಿಸಿ, ಸಿಯುಜಿಯಿಂದ ಮತ್ತೆ ಶುರು ಮಾಡಿ.